ಬಿಲ್ಲಿನಲ್ಲಿ ಬರೀ 'ಬೋಟ್ ಸಾಮಾನು' ಅಂತ ಬರೆದರೆ ನಡೆಯುತ್ತದಾ?

ಕೋಡಿಬಾಗ ಮಿನಿಲಾರಿ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಗಾಡಿ. ಓನರೂ ನಾನೇ, ಡ್ರೈವರೂ ನಾನೇ. ಕಾರವಾರದಿಂದ ಅಂಕೋಲಾ, ತದಡಿ, ಹೊನ್ನಾವರ, ಒಮ್ಮೊಮ್ಮೆ ಭಟ್ಕಳದವರೆಗೆ ಬಾಡಿಗೆ ಹೊಡೆಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಬೋಟುಗಳನ್ನೆಲ್ಲ ಮೇಲೆ ಎಳೆದು ರಿಪೇರಿ ಮಾಡುತ್ತಾರೆ. ನನಗೆ ಅದೇ ಸೀಸನ್. ಫೈಬರ್ ಕೆಲಸಕ್ಕೆ ಬೇಕಾದ ರೆಸಿನ್ ಅನ್ನುವ ಅಂಟು ದ್ರವ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್, ಗಾಜಿನ ನಾರಿನ ಮ್ಯಾಟ್, ಪೇಂಟು, ಥಿನ್ನರ್ ಎಲ್ಲ ಒಂದೇ ಲೋಡಿನಲ್ಲಿ ಹೋಗುತ್ತದೆ.

ಹೋದ ವಾರ ಹೆದ್ದಾರಿ 66ರಲ್ಲಿ ಗಾಡಿ ನಿಲ್ಲಿಸಿದರು. ಬಿಲ್ಲು ಕೊಟ್ಟೆ. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಬೋಟ್ ಸಾಮಾನು, 1 ಲೋಡ್'. ಅಧಿಕಾರಿ ತಾಡಪಾಲು ಎತ್ತಿ ಬ್ಯಾಟರಿ ಬಿಟ್ಟು ನೋಡಿದರು. ಡ್ರಮ್ಮಿನ ಮೇಲೆ ಬೆಂಕಿ ಚಿತ್ರದ ಕೆಂಪು ಚೀಟಿ. ಸಣ್ಣ ಕ್ಯಾನುಗಳ ಮೇಲೆ ಇನ್ನೊಂದು ಚೀಟಿ, ಮೇಲರ್ಧ ಕೆಂಪು, ಕೆಳಗರ್ಧ ಹಳದಿ. ಸತ್ಯ ಹೇಳುತ್ತೇನೆ, ಆರು ವರ್ಷದಿಂದ ಅದನ್ನು ಹೊರುತ್ತಿದ್ದೇನೆ, ಚೀಟಿಯಲ್ಲಿ ಎರಡು ಬಣ್ಣ ಇದೆ ಅಂತ ನನಗೆ ಗೊತ್ತಾದದ್ದು ಅವತ್ತೇ.

"ಟ್ರೆಮ್ ಕಾರ್ಡ್ ಎಲ್ಲಿ? ಲೈಸೆನ್ಸಿನಲ್ಲಿ ಹಜಾರ್ಡಸ್ ಅಂತ ಎಂಡಾರ್ಸ್‌ಮೆಂಟ್ ಎಲ್ಲಿ?" ಅಂದರು. ಟ್ರೆಮ್ ಕಾರ್ಡ್ ಅಂದರೆ ಸರಕಿನ ಅಪಾಯ ಏನು, ತುರ್ತಿನಲ್ಲಿ ಏನು ಮಾಡಬೇಕು ಅಂತ ಬರೆದ ಕಾರ್ಡಂತೆ. ಎಂಡಾರ್ಸ್‌ಮೆಂಟ್ ಅಂದರೆ ಅಂಥ ಸರಕು ಹೊರಬಹುದು ಅಂತ ಲೈಸೆನ್ಸಿನಲ್ಲಿ ಹಾಕಿಸುವ ನಮೂದು. ನಾನು ಸುಮ್ನೆ ನಿಂತೆ. ಎರಡೂವರೆ ತಾಸು ಮಳೆಯಲ್ಲಿ ನಿಲ್ಲಿಸಿ, ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಂಗಡಿಯವರಿಗೆ ಫೋನ್ ಮಾಡಿದರೆ "ಹತ್ತು ವರ್ಷದಿಂದ ಹೀಗೇ ಕಳಿಸ್ತಾ ಇದ್ದೇವೆ, ಯಾರೂ ಕೇಳಿಲ್ಲ" ಅಂತಾರೆ.

ನಿಜವಾಗಿ ಏನೇನು ಕಾಗದ ಬೇಕು? ಟ್ಯಾಂಕರಿನವರಿಗೆ ಮಾತ್ರ ಅಲ್ವಾ ಇದೆಲ್ಲ?

ಶರಾವತಿ ದಂಡೆ · ರಾತ್ರಿ 9.58

ಹೊಸ ಅಧಿಕಾರಿ ಬಂದಿರಬೇಕು ಮಾರಾಯ. ಒಂದು ತಿಂಗಳು ಹೀಗೇ ಇರುತ್ತದೆ. ಆಮೇಲೆ ಎಲ್ಲ ಮೊದಲಿನಂತೆ. ಅಷ್ಟಕ್ಕೂ ಕಾಗದ ನೋಡಿ ಬೆಂಕಿ ಹೆದರಿ ಓಡಿಹೋಗುತ್ತದಾ?

ಅರಬೈಲ್ ಇಳಿಜಾರು · ರಾತ್ರಿ 10.20

ನಾನು ಹನ್ನೊಂದು ವರ್ಷ ಟ್ಯಾಂಕರ್ ಓಡಿಸಿದವ, ಈಗ ಬಿಟ್ಟಿದ್ದೇನೆ. ಟ್ಯಾಂಕರಿಗೆ ಮಾತ್ರ ಅಂತ ನಿಯಮದಲ್ಲಿ ಎಲ್ಲೂ ಇಲ್ಲ ತಮ್ಮಾ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರಲ್ಲಿ 129ರಿಂದ 137ರವರೆಗೆ ಓದು. ಅಪಾಯಕಾರಿ ಸರಕು ಹೊರುವ 'ಪ್ರತಿ ಸರಕು ವಾಹನ' ಅಂತಲೇ ಇದೆ. ಗಾಡಿ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ, ಒಳಗೆ ಏನಿದೆ ಅಂತ ಕೇಳುತ್ತದೆ.

ಅಲ್ಲಿ ಕೆಲಸವನ್ನು ಮೂರು ಜನಕ್ಕೆ ಹಂಚಿದ್ದಾರೆ. ಸರಕು ಕಳಿಸುವವನು ಅದೇನು, ಅದರಿಂದ ಅಪಾಯ ಏನು ಅಂತ ಪೂರ್ತಿ ಮಾಹಿತಿ ಕೊಡಬೇಕು. ಇದು 131. ಗಾಡಿ ಮಾಲೀಕನು ಆ ಮಾಹಿತಿ ಸರಿಯಾಗಿದೆಯಾ ಅಂತ ನೋಡಿಕೊಂಡು, ಡ್ರೈವರಿಗೆ ಬರವಣಿಗೆಯಲ್ಲಿ ಕೊಡಬೇಕು. ಗಾಡಿಯಲ್ಲಿ ಪ್ರಥಮ ಚಿಕಿತ್ಸೆ, ಸುರಕ್ಷತಾ ಸಾಮಾನು ಇಡಬೇಕು. ಇದು 132. ಆ ಬರಹ ಸರಕು ಇರುವಷ್ಟು ಹೊತ್ತೂ ಡ್ರೈವರನ ಕ್ಯಾಬಿನ್ನಿನಲ್ಲೇ ಇರಬೇಕು. ಇದು 133. ಟೂಲ್ ಬಾಕ್ಸಿನಲ್ಲಿ ಅಲ್ಲ, ತಾಡಪಾಲಿನ ಕೆಳಗೆ ಅಲ್ಲ, ನಿನ್ನ ವಾಟ್ಸಾಪಿನಲ್ಲೂ ಅಲ್ಲ.

ಇನ್ನು ಲೈಸೆನ್ಸು. ನಿಯಮ 9 ಪ್ರಕಾರ ಮೂರು ದಿನದ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಬೇಕು. ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷೂ ಓದಲು ಬರೆಯಲು ಬರಬೇಕು. ಮೊದಲು ಈ ಎಂಡಾರ್ಸ್‌ಮೆಂಟ್ ವರ್ಷಕ್ಕೊಮ್ಮೆ ಮಾಡಿಸಬೇಕಿತ್ತು, 2019ರ ತಿದ್ದುಪಡಿಯಲ್ಲಿ ಮೂರು ವರ್ಷ ಮಾಡಿದರು. ಅದೇ ತಿದ್ದುಪಡಿಯಲ್ಲಿ ದಂಡವೂ ಏರಿತು. ಮೊದಲ ಸಲಕ್ಕೇ 10,000 ರೂಪಾಯಿ. ಎಚ್ಚರಿಕೆ ಕೊಟ್ಟು ಬಿಟ್ಟರು ಅಂದರೆ ಪುಣ್ಯಾತ್ಮರು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲೋಡು ಇರುವಾಗ ಗಾಡಿ ಬಿಟ್ಟು ಊಟಕ್ಕೆ ಹೋಗುವ ಹಾಗಿಲ್ಲ. ನೀನಿಲ್ಲದಿದ್ದರೆ 18 ದಾಟಿದ, ವಿಷಯ ಗೊತ್ತಿರುವ ಒಬ್ಬ ಗಾಡಿ ಹತ್ತಿರ ಇರಬೇಕು.

ಕೋಡಿಬಾಗ ಮಿನಿಲಾರಿ · ರಾತ್ರಿ 10.31

ಅಂದರೆ ಮಾಲೀಕ ಅಂತ ಒಂದು ತಪ್ಪು, ಡ್ರೈವರ್ ಅಂತ ಇನ್ನೊಂದು. ನನಗೆ ನಾನೇ ಬರವಣಿಗೆಯಲ್ಲಿ ಕೊಟ್ಟುಕೊಳ್ಳಬೇಕಾ ಅಣ್ಣಾ?

ಅರಬೈಲ್ ಇಳಿಜಾರು · ರಾತ್ರಿ 10.34

ನಗಬೇಡ. ಹೌದು.

ಬೈತಖೋಲ ಹಳೇ ಗುಮಾಸ್ತ · ಮಂಗಳವಾರ, ಬೆಳಿಗ್ಗೆ 6.15

ಕ್ಲಿಯರಿಂಗ್ ಆಫೀಸಿನಲ್ಲಿ ಇಪ್ಪತ್ತೇಳು ವರ್ಷ ಇದೇ ಕಾಗದ ಬರೆದವನು ನಾನು. ಈಗ ನಿವೃತ್ತ. ಬೆಳಿಗ್ಗೆ ಬೇಗ ಎಚ್ಚರ ಆಗುತ್ತದೆ, ಅದಕ್ಕೇ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಇಲ್ಲಿ ಮೊದಲ ತಪ್ಪು ಅಂಗಡಿಯವನದು. ಕಾಗದ ಹುಟ್ಟಬೇಕಾದದ್ದು ಸರಕು ಹೊರಡುವ ಜಾಗದಲ್ಲಿ. ಹೊರುವವನಿಗೆ ಡ್ರಮ್ಮಿನ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು? 'ಬೋಟ್ ಸಾಮಾನು' ಅಂದರೆ ಹಗ್ಗವೂ ಹೌದು, ಲಂಗರೂ ಹೌದು, ಸ್ಫೋಟ ಆಗುವ ಕ್ಯಾನೂ ಹೌದು.

ಜಗತ್ತಿನಲ್ಲಿ ಎಲ್ಲಿ ಹೋದರೂ ಈ ಸರಕಿನ ಮುಖ್ಯ ಸಾಲು ಒಂದೇ ಥರ ಇರುತ್ತದೆ. ಮೊದಲು ಯುಎನ್ ನಂಬರು, ಅಂದರೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಆ ಸರಕಿಗೆ ಕೊಟ್ಟ ನಾಲ್ಕು ಅಂಕಿ. ಆಮೇಲೆ ಸರಿಯಾದ ಹೆಸರು, ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಲ್ಲ. ಆಮೇಲೆ ಕ್ಲಾಸು, ಅಂದರೆ ಅಪಾಯ ಯಾವ ಬಗೆಯದು, 1ರಿಂದ 9ರವರೆಗೆ ಯಾವುದು ಅಂತ. 3 ಅಂದರೆ ಉರಿಯುವ ದ್ರವ. ಕೊನೆಗೆ ಪ್ಯಾಕಿಂಗ್ ಗ್ರೂಪು, ಅಂದರೆ ಅಪಾಯ ಎಷ್ಟು ತೀವ್ರ ಅಂತ. 1 ಅಂದರೆ ಜಾಸ್ತಿ, 3 ಅಂದರೆ ಕಡಿಮೆ. ನಿನ್ನ ರೆಸಿನ್ ಸಾಲು ಹೆಚ್ಚುಕಡಿಮೆ ಹೀಗೆ ಬರುತ್ತದೆ:

ಯುಎನ್ 1866, ರೆಸಿನ್ ಸೊಲ್ಯೂಷನ್, 3, ಪ್ಯಾಕಿಂಗ್ ಗ್ರೂಪ್ 3

ಅದರ ಪಕ್ಕದಲ್ಲಿ ಎಷ್ಟು ಡ್ರಮ್ಮು, ಒಟ್ಟು ಎಷ್ಟು ಕೆಜಿ. ಕಳಿಸುವವರು, ತೆಗೆದುಕೊಳ್ಳುವವರು, ತುರ್ತು ಫೋನು, ಸಹಿ. ಹಡಗಿನಲ್ಲಿ ಹೋಗುವುದಾದರೆ ಈ ನಾಲ್ಕರ ಅನುಕ್ರಮ ಬದಲಿಸುವಂತಿಲ್ಲ. ಮೊದಮೊದಲು ನನಗೂ ಇದು ಬರೀ ಮಡಿವಂತಿಕೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಓದುವವನಿಗೆ ನಿನ್ನ ಭಾಷೆ ಬರದಿದ್ದರೂ ಯಾವ ಜಾಗದಲ್ಲಿ ಯಾವ ಅಂಕಿ ಇದೆ ಅಂತ ಕಣ್ಣಿಗೆ ರೂಢಿ ಆಗಿರುತ್ತದೆ.

ಆ ತುರ್ತು ಫೋನಿನ ಬಗ್ಗೆ ಒಂದು ಮಾತು. ಒಬ್ಬರು ಅಂಗಡಿಯ ಲ್ಯಾಂಡ್‌ಲೈನ್ ನಂಬರ್ ಹಾಕುತ್ತಿದ್ದರು. ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೆ ಬೆಳಗಿನತನಕ ಅದು ಇಲಿಗೆ ಕೇಳಿಸಲಿಕ್ಕೆ ಅಷ್ಟೇ. ನಡುರಾತ್ರಿ ಎತ್ತುವವರ, ವಿಷಯ ಗೊತ್ತಿರುವವರ ನಂಬರ್ ಹಾಕಿಸು.

ಮತ್ತೆ ಒಂದು ಗೊಂದಲ ಈಗ ಜಾಸ್ತಿ ಆಗಿದೆ. ಜಿಎಸ್‌ಟಿ ಬಿಲ್ಲಿನಲ್ಲಿ, ಇ-ವೇ ಬಿಲ್ಲಿನಲ್ಲಿ ಇರುವ ಎಚ್‌ಎಸ್‌ಎನ್ ಕೋಡು ಬೇರೆ, ಯುಎನ್ ನಂಬರು ಬೇರೆ. ಪಾಲಿಯೆಸ್ಟರ್ ರೆಸಿನ್ನಿನ ಎಚ್‌ಎಸ್‌ಎನ್ 3907ರಿಂದ ಶುರುವಾಗುತ್ತದೆ. ಅದು ತೆರಿಗೆಯವರಿಗೆ. 1866 ಬೆಂಕಿ ಆರಿಸುವವರಿಗೆ. ಇ-ವೇ ಬಿಲ್ ಇದೆ ಅಂದಮಾತ್ರಕ್ಕೆ ಅಪಾಯಕಾರಿ ಸರಕಿನ ಕಾಗದ ಇದೆ ಅಂತಾಗುವುದಿಲ್ಲ.

ಕೆಮಿಸ್ಟ್ರಿ ಅಕ್ಕೋರು · ಮಂಗಳವಾರ, ಮಧ್ಯಾಹ್ನ 1.10

ಗುಮಾಸ್ತರು ರೆಸಿನ್ ಹೇಳಿದರು. ನನಗೆ ಭಯ ಇರುವುದು ಆ ಸಣ್ಣ ಕ್ಯಾನಿನ ಬಗ್ಗೆ. ಅರ್ಧ ಕೆಂಪು, ಅರ್ಧ ಹಳದಿ ಚೀಟಿ ಅಂದರೆ ಕ್ಲಾಸ್ 5.2, ಆರ್ಗ್ಯಾನಿಕ್ ಪೆರಾಕ್ಸೈಡ್. ನೀವು ಹಾರ್ಡ್‌ನರ್ ಅನ್ನುವುದು ಎಂಇಕೆಪಿ, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಇರಬೇಕು. ಬೋಟಿಗೆ ಸಾಮಾನ್ಯವಾಗಿ ಬಳಸುವುದು ಯುಎನ್ 3105ರಲ್ಲಿ ಬರುತ್ತದೆ. ಆದರೆ ನಾನು ಹೇಳಿದೆ ಅಂತ ಬರೆಯಬೇಡಿ, ಅದರಲ್ಲಿ ಪೆರಾಕ್ಸೈಡ್ ಎಷ್ಟು ಪಾಲು ಇದೆ ಅನ್ನುವುದರ ಮೇಲೆ ನಂಬರು ಬದಲಾಗುತ್ತದೆ. ಅಂಗಡಿಯವರ ಹತ್ತಿರ ಸೇಫ್ಟಿ ಡೇಟಾ ಶೀಟ್, ಅಂದರೆ ಕಂಪನಿ ಕೊಡುವ ಸುರಕ್ಷತೆಯ ಮಾಹಿತಿ ಪತ್ರ ಕೇಳಿ. ಅದರಲ್ಲಿ 16 ಭಾಗ ಇರುತ್ತವೆ. 14ನೆಯದು ಸಾಗಾಟದ ಭಾಗ. ಯುಎನ್ ನಂಬರು, ಹೆಸರು, ಕ್ಲಾಸು ಎಲ್ಲ ಅಲ್ಲೇ ಇರುತ್ತದೆ. ಅಲ್ಲಿಂದ ಇಳಿಸಿಕೊಂಡರೆ ಸಾಕು.

ಒಂದು ಪ್ರಶ್ನೆ. ನಿಮ್ಮ ಲೋಡಿನಲ್ಲಿ ನೇರಳೆ ಬಣ್ಣದ ದ್ರವದ ಬಾಟಲಿ ಇರುತ್ತದಾ?

ಕೋಡಿಬಾಗ ಮಿನಿಲಾರಿ · ಮಂಗಳವಾರ, ಮಧ್ಯಾಹ್ನ 1.45

ಇರುತ್ತದೆ ಅಕ್ಕೋರೇ. ಆಕ್ಸಿಲರೇಟರ್ ಅಂತಾರೆ. ಹಾರ್ಡ್‌ನರ್ ಇದ್ದ ಪೆಟ್ಟಿಗೆಯಲ್ಲೇ ಇಟ್ಟು ಕೊಡುತ್ತಾರೆ, ಜೋಡಿ ಅಂತ.

ಕೆಮಿಸ್ಟ್ರಿ ಅಕ್ಕೋರು · ಮಂಗಳವಾರ, ಮಧ್ಯಾಹ್ನ 1.52

ಅಯ್ಯೋ ದೇವರೇ.

ಅದು ಕೋಬಾಲ್ಟ್. ಬೋಟಿನವರು ಏನು ಮಾಡುತ್ತಾರೆ ನೋಡಿ. ಮೊದಲು ರೆಸಿನ್ನಿಗೆ ನೇರಳೆಯದನ್ನು ಹಾಕಿ ಚೆನ್ನಾಗಿ ಕಲಸುತ್ತಾರೆ. ಆಮೇಲೆ ನೀರಿನಂತೆ ಕಾಣುವ ಹಾರ್ಡ್‌ನರನ್ನು ಅಳತೆ ಮಾಡಿ ಸ್ವಲ್ಪವೇ ಹಾಕುತ್ತಾರೆ. ಕೈ ಪಳಗಿದವರು ಎಂದೂ ಆ ಎರಡನ್ನು ನೇರವಾಗಿ ಸೇರಿಸುವುದಿಲ್ಲ. ನೇರವಾಗಿ ಸೇರಿದರೆ ತಕ್ಷಣ ಕಾದು ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ದಡದಲ್ಲಿ ಅಷ್ಟು ಜಾಗ್ರತೆ ಮಾಡುವ ವಸ್ತುವನ್ನು ನೀವು ಒಂದೇ ಪೆಟ್ಟಿಗೆಯಲ್ಲಿ ಹಾಕಿ, ನಮ್ಮ ಹೆದ್ದಾರಿಯ ಹೊಂಡಗಳ ಮೇಲೆ ಕುಣಿಸಿಕೊಂಡು ಹೋಗುತ್ತಿದ್ದೀರಿ. ಎರಡು ಮುಚ್ಚಳ ಸಡಿಲ ಆದರೆ ಸಾಕು.

ಬಿಲ್ಲಿನಲ್ಲಿ ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆದಿದ್ದರೆ ಲೋಡ್ ಮಾಡುವ ಹುಡುಗನಿಗಾದರೂ ಅನುಮಾನ ಬರುತ್ತಿತ್ತು. ಒಂದೇ ಹೆಸರಿನಲ್ಲಿ ಕಟ್ಟಿದ್ದಕ್ಕೇ ಒಂದೇ ಪೆಟ್ಟಿಗೆಗೂ ಹೋಯಿತು.

ಕಣ್ಣಿಗೆ ಬಿದ್ದರೆ ಎಂಇಕೆಪಿ ದೃಷ್ಟಿಯನ್ನೇ ತೆಗೆಯುತ್ತದೆ. ಗಾಡಿಯಲ್ಲಿ ಎರಡು ಕ್ಯಾನು ಒಳ್ಳೆ ನೀರು ಇಟ್ಟುಕೊಳ್ಳಿ. ಬಿದ್ದ ತಕ್ಷಣ ಕಡಿಮೆ ಅಂದರೆ 15 ನಿಮಿಷ ತೊಳೆಯಬೇಕು. ಆಸ್ಪತ್ರೆ ಆಮೇಲೆ.

ಶಿರಸಿ ತೋಟಿಗ · ಮಂಗಳವಾರ, ಸಂಜೆ 5.30

ಕೆಳಗಿನವರ ಮಾತು ಕೇಳಿ ನಮಗೆ ಘಟ್ಟದ ಮೇಲೂ ಹೆದರಿಕೆ ಶುರುವಾಯಿತು! ನಾವು ಅಡಕೆಯ ಕೊಳೆ ರೋಗದ ಔಷಧಿಗೆ ಅಂತ ಪ್ರತಿ ಮಳೆಗಾಲಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ತರುತ್ತೇವೆ. ಸುಣ್ಣದ ಜೊತೆ ಜೀಪಿನಲ್ಲಿ, ಅಕ್ಕಿ ಚೀಲದ ಪಕ್ಕದಲ್ಲೇ. ಸ್ಪ್ರೇಯರಿಗೆ ಪೆಟ್ರೋಲು ಹಳೇ ಎಣ್ಣೆ ಕ್ಯಾನಿನಲ್ಲಿ. ಇದಕ್ಕೂ ಕಾಗದ ಬೇಕಾಗ್ತದಾ? ಹಂಗಾದ್ರೆ ಅಡಕೆ ಬೆಳೆಯೋದೇ ಬಿಡೋದು ಒಳ್ಳೇದು, ಅಲ್ದಾ?

ಬೈತಖೋಲ ಹಳೇ ಗುಮಾಸ್ತ · ಮಂಗಳವಾರ, ಸಂಜೆ 6.05

ಅಡಕೆ ಬಿಡಬೇಡಿ ಮಾರಾಯ್ರೇ, ಕವಳಕ್ಕೆ ಏನು ಮಾಡುವುದು.

ಪೆಟ್ರೋಲಿಗೆ ಲೆಕ್ಕ ಸುಲಭ. ಪೆಟ್ರೋಲಿಯಂ ಕಾಯ್ದೆ 1934ರಲ್ಲಿ ಮಾರಾಟಕ್ಕಲ್ಲದ ಪೆಟ್ರೋಲು 30 ಲೀಟರ್ ಮೀರದಿದ್ದರೆ ಲೈಸೆನ್ಸು ಬೇಡ. ಆದರೆ ಕ್ಯಾನಿನ ಮೇಲೆ 'ಪೆಟ್ರೋಲ್' ಅಂತ ಕಾಣುವ ಹಾಗೆ ಬರೆದಿರಬೇಕು. ಅಡಿಗೆ ಎಣ್ಣೆಯ ಚಿತ್ರ ಇರುವ ಕ್ಯಾನಿನಲ್ಲಿ ತರಬೇಡಿ. ಮನೆಯಲ್ಲಿ ಅತ್ತೆ ಒಬ್ಬರು ದೀಪಕ್ಕೆ ಹಾಕಿದರೆ ಮುಗಿಯಿತು.

ಮೈಲುತುತ್ತ ಉರಿಯುವುದಿಲ್ಲ, ಆದರೆ ನೀರಿಗೆ ವಿಷ. ಹಡಗಿನಲ್ಲಿ ಹೋದರೆ ಕ್ಲಾಸ್ 9 (ಉಳಿದ ಬಗೆಯ ಅಪಾಯ), ಯುಎನ್ 3077, ಕಾಗದದಲ್ಲಿ 'ಸಮುದ್ರ ಮಾಲಿನ್ಯಕಾರಕ' ಅಂತ ಬರೆಯಲೇಬೇಕು. ಸತ್ತ ಮೀನಿನ ಚಿತ್ರದ ಚೀಟಿ ನೋಡಿರಬೇಕು. ಅಕ್ಕಿ ಚೀಲದ ಪಕ್ಕದಲ್ಲಿ ಇಡಬೇಡಿ ಅನ್ನಲಿಕ್ಕೆ ಯುಎನ್ ನಂಬರು ಬೇಕಾ?

ಇದೇ ಮಾತಿಗೆ ಒಂದು ಕಥೆ. ನಮ್ಮ ಕರಾವಳಿಯಲ್ಲಿ ಫಿಶ್ ಮೀಲ್ ಕಾರ್ಖಾನೆಗಳಿವೆಯಲ್ಲ, ತಾರ್ಲೆ ಮೀನು ಒಣಗಿಸಿ ಪುಡಿ ಮಾಡುವವು. ಕೋಳಿಗೂ ಸಿಗಡಿಗೂ ಹಾಕುವ ಮೇವು ಅಷ್ಟೇ ಅಂತ ಎಲ್ಲರ ಲೆಕ್ಕ. ಆದರೆ ಹಡಗಿನ ನಿಯಮದಲ್ಲಿ ಅದು ಅಪಾಯಕಾರಿ ಸರಕು! ಮೀನಿನ ಎಣ್ಣೆ ಗಾಳಿ ತಾಗಿ ತನ್ನಷ್ಟಕ್ಕೇ ಕಾಯುತ್ತದೆ. ಚೀಲದ ಮೇಲೆ ಚೀಲ ಒಟ್ಟಿ ಕಂಟೇನರ್ ಮುಚ್ಚಿದರೆ ಆ ಶಾಖ ಹೊರಗೆ ಹೋಗುವುದಿಲ್ಲ. ಕಡ್ಡಿ ಗೀರದೆಯೇ ಬೆಂಕಿ. ಅದಕ್ಕೇ ಆಕ್ಸಿಡೀಕರಣ ತಡೆಯುವ ಔಷಧಿ ಬೆರೆಸುತ್ತಾರೆ. ಬೆರೆಸಿದ್ದು ಯುಎನ್ 2216, ಕ್ಲಾಸ್ 9. ಬೆರೆಸದೇ ಇದ್ದದ್ದು ಯುಎನ್ 1374, ಕ್ಲಾಸ್ 4.2, ಅಂದರೆ ತಾನಾಗೇ ಹೊತ್ತಿಕೊಳ್ಳುವಂಥದ್ದು. ಎರಡಕ್ಕೂ ಹೊರಗಿಂದ ನೋಡಿದರೆ ಅದೇ ಬಣ್ಣ, ಅದೇ ನಾತ.

ಒಮ್ಮೆ ಒಬ್ಬ ರಫ್ತುದಾರರ ಕಾಗದ ಮಂಗಳೂರು ಬಂದರಿಗೆ ಕಳಿಸಲು ನನ್ನ ಟೇಬಲ್ಲಿಗೆ ಬಂತು. ಸರಕಿನ ಹೆಸರು: 'ಪಶು ಆಹಾರ'. ಸರ್ಟಿಫಿಕೇಟು ಕೇಳಿದೆ. ತೇವ ಎಷ್ಟು, ಕೊಬ್ಬು ಎಷ್ಟು, ಎಂದು ತಯಾರಾದದ್ದು, ಲೋಡ್ ಮಾಡುವಾಗ ಎಷ್ಟು ಬಿಸಿ ಇತ್ತು, ಇಷ್ಟೂ ಅದರಲ್ಲಿ ಇರಬೇಕು. "ಮೇವಿಗೆ ಜ್ವರ ನೋಡ್ತೀರಾ ಗುಮಾಸ್ತರೇ?" ಅಂತ ನಕ್ಕರು. ಹೌದು, ಜ್ವರವನ್ನೇ ನೋಡುವುದು. 35 ಡಿಗ್ರಿ, ಅಥವಾ ಹೊರಗಿನ ಗಾಳಿಗಿಂತ 5 ಡಿಗ್ರಿ ಮೇಲೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಬಿಸಿ ಇದ್ದರೆ ಹಡಗಿಗೆ ಹತ್ತಿಸುವಂತಿಲ್ಲ. ಚೀಲದೊಳಗೆ ಉದ್ದ ಥರ್ಮಾಮೀಟರ್ ಚುಚ್ಚಿ ನೋಡಿದರು, ಮೂರು ಚೀಲ ಹಿಂದೆ ಹೋದವು. ಹೆಸರನ್ನೂ ತಿದ್ದಿಸಿದೆ. ಆಮೇಲೆ ಅವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಒಣ ಕೊಬ್ಬರಿಯೂ 4.2ರಲ್ಲೇ ಬರುತ್ತದೆ, ಯುಎನ್ 1363. ತೆಂಗಿನ ಊರಿನವರಿಗೆ ಇದು ಗೊತ್ತಿರಲಿ ಅಂತ ಹೇಳಿದೆ.

ಶಿರಸಿ ತೋಟಿಗ · ಮಂಗಳವಾರ, ಸಂಜೆ 6.20

ಕೊಬ್ಬರಿಯೂ ಅಪಾಯಕಾರಿಯೇ! ನಮ್ಮಾಕೆಗೆ ಓದಿ ಹೇಳಿದೆ. "ನಿಮ್ಮ ಬೀಡಿಗಿಂತ ಅಲ್ಲ" ಅಂದಳು.

ಶರಾವತಿ ದಂಡೆ · ಮಂಗಳವಾರ, ರಾತ್ರಿ 8.50

ಓದಲು ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಕಾಗದ ಇರುವುದು ಕ್ಯಾಬಿನ್ನಿನಲ್ಲಿ. ಗಾಡಿ ಉರಿದರೆ ಕಾಗದವೇ ಮೊದಲು ಉರಿಯುತ್ತದೆ. 2024ರ ಆಗಸ್ಟಿನಲ್ಲಿ ಕಾಳಿ ಹಳೇ ಸೇತುವೆ ಕುಸಿದಾಗ ಲಾರಿ ಸಮೇತ ಡ್ರೈವರ್ ನದಿಗೆ ಬಿದ್ದ. ಅವನನ್ನು ಎತ್ತಿ ಉಳಿಸಿದರು, ಸರಿ. ಅಂಥಾ ಹೊತ್ತಿನಲ್ಲಿ ಕಾಗದ ನೀರಿನ ಕೆಳಗೆ ಇದ್ದರೆ ಯಾರಿಗೆ ಉಪಯೋಗ? ಇದೆಲ್ಲ ದಂಡ ವಸೂಲಿಗೆ ಮಾಡಿಟ್ಟದ್ದು.

ನಿವೃತ್ತ ಅಗ್ನಿಶಾಮಕ · ಮಂಗಳವಾರ, ರಾತ್ರಿ 9.35

ಶರಾವತಿಯವರೇ, ನಿಮ್ಮ ಪ್ರಶ್ನೆ ಸರಿ ಇದೆ. ಕೋಪ ಇಲ್ಲದೆ ಉತ್ತರ ಹೇಳುತ್ತೇನೆ.

ಮೊದಲನೆಯದು, ಕಾಗದ ಒಂದೇ ಪ್ರತಿ ಅಲ್ಲ. ಕಳಿಸಿದವನ ಹತ್ತಿರ ಒಂದು, ಗಾಡಿ ಆಫೀಸಿನಲ್ಲಿ ಒಂದು ಉಳಿಯಬೇಕು. ಕ್ಯಾಬಿನ್ನಿನದು ಸುಟ್ಟರೆ ಫೋನ್ ಮಾಡಿ ಕೇಳಬಹುದು. ಎರಡನೆಯದು, ಅದೇ ವಿಷಯವನ್ನು ಗಾಡಿಯ ಮೈಮೇಲೂ ಬರೆಸಬೇಕು ಅನ್ನುವುದು ಇದಕ್ಕೇ. ನಿಯಮ 134ರ ಫಲಕ. ಸರಕಿನ ಹೆಸರು ಕಡಿಮೆ ಅಂದರೆ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ, ಯುಎನ್ ಅಂಕಿ 100 ಮಿಲಿಮೀಟರ್, ಚೌಕದ ಚೀಟಿ 250 ಮಿಲಿಮೀಟರ್. ಎರಡು ಬದಿಗೆ, ಹಿಂದಕ್ಕೆ. ಇಷ್ಟು ದೊಡ್ಡದು ಯಾಕೆ? ನಾವು ಹತ್ತಿರ ಹೋಗದೆ ದೂರದಿಂದಲೇ ಓದಲು.

ಆ ಫಲಕದಲ್ಲಿ ಇನ್ನೊಂದು ಸಣ್ಣ ಸಂಕೇತ ಇರುತ್ತದೆ, ಹಜ್‌ಕೆಮ್ ಕೋಡ್. ಪೆಟ್ರೋಲ್ ಟ್ಯಾಂಕರಿನ ಮೇಲೆ 3ವೈಇ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ನಾಳೆ ನೋಡಿ. 3 ಅಂದರೆ ನೊರೆ ಹೊಡಿ. ವೈ ಅಂದರೆ ಉಸಿರಾಟದ ಸಲಕರಣೆ ಹಾಕು, ಸ್ಫೋಟದ ಭಯ ಇದೆ, ಚರಂಡಿಗೆ ಹರಿಯಲು ಬಿಡಬೇಡ. ಕೊನೆಯ ಇ ಅಂದರೆ ಸುತ್ತಲಿನ ಜನರನ್ನು ಕಳಿಸುವ ಬಗ್ಗೆ ಯೋಚಿಸು. ಮೂರು ಅಕ್ಷರ, ಓದಲು ಎರಡು ಸೆಕೆಂಡು. ಸಲ್ಫ್ಯೂರಿಕ್ ಆಸಿಡ್ಡಿಗೆ 2ಪಿ. ಅಲ್ಲಿ ನೊರೆಯಲ್ಲ, ಸಣ್ಣ ಹನಿಯ ನೀರು.

ಈಗ ಈ ತಮ್ಮನ ಮಿನಿಲಾರಿ ತೆಗೆದುಕೊಳ್ಳಿ. ರೆಸಿನ್ ಡ್ರಮ್ಮು ಉರಿದರೆ ನೊರೆ ಬೇಕು. ಜೋರು ಪೈಪು ಬಿಟ್ಟರೆ ಉರಿಯುವ ರೆಸಿನ್ ಎಲ್ಲ ಕಡೆ ಹರಡುತ್ತದೆ. ಪಕ್ಕದಲ್ಲಿರುವ ಪೆರಾಕ್ಸೈಡ್ ಕ್ಯಾನಿಗೆ ಉಲ್ಟಾ. ಅದರೊಳಗೇ ಆಮ್ಲಜನಕ ಇರುವುದರಿಂದ ಮುಚ್ಚಿ ಆರಿಸಿದರೆ ಆರುವುದಿಲ್ಲ, ದೂರ ನಿಂತು ಧಾರಾಳ ನೀರು ಹೊಡೆದು ತಣ್ಣಗೆ ಮಾಡಬೇಕು. ನನ್ನ ಹುಡುಗರು ಓಡಿ ಬಂದಾಗ ಅವರಿಗೆ ಕಾಣುವುದು ನೀಲಿ ತಾಡಪಾಲು, ಹೊಗೆ. ಕೈಗೆ ಸಿಗುವುದು 'ಬೋಟ್ ಸಾಮಾನು' ಅನ್ನುವ ಬಿಲ್ಲು. ಏನು ಹೊಡೆಯಬೇಕು, ನೀವೇ ಹೇಳಿ.

2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹೊತ್ತಿದ್ದು ಇಲ್ಲಿಯವರಿಗೆ ನೆನಪಿದೆ. ಅಡಿಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಕಡೆ ರಸ್ತೆ ಎತ್ತರ, ಮನೆಗಳು ಕೆಳಗೆ. ಬೆಳಗಿನ ಒಲೆ ಹಚ್ಚುವ ಹೊತ್ತು. ಆ ಊರಿನಲ್ಲಿ ಸತ್ತವರಿಗೆ ಟ್ಯಾಂಕರಿಗೂ ತಮಗೂ ಏನೂ ಸಂಬಂಧ ಇರಲಿಲ್ಲ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಒಂದು ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಬಿತ್ತು. ಸಗಡಗೇರಿ ಕಡೆ ತೇಲಿಹೋಗಿ ನಿಂತಿತು. ಸುತ್ತಲಿನ ಮನೆಯವರನ್ನು ಕಳಿಸಿ, ಒಳಗಿದ್ದ ಗ್ಯಾಸ್ ಖಾಲಿ ಮಾಡಬೇಕಾಯಿತು. ಅಲ್ಲಿ ಯಾರ ಕಾಗದವೂ ಬೇಕಾಗಲಿಲ್ಲ, ಒಪ್ಪುತ್ತೇನೆ. ಯಾಕೆಂದರೆ ಟ್ಯಾಂಕರ್ ಅನ್ನುವುದು ಅದರ ಆಕಾರದಲ್ಲೇ ಗೊತ್ತಾಗುತ್ತದೆ. ಅದೇ ಜಾಗದಲ್ಲಿ ತಾಡಪಾಲು ಹೊದ್ದ ಮಿನಿಲಾರಿ ಇದ್ದಿದ್ದರೆ? ತರಕಾರಿ ಗಾಡಿ ಅಂದುಕೊಂಡು ಯಾರಾದರೂ ಹತ್ತಿರ ಹೋಗುತ್ತಿದ್ದರು. ಟ್ಯಾಂಕರಿಗಿಂತ ನಿನಗೇ ಕಾಗದ ಜಾಸ್ತಿ ಬೇಕು ತಮ್ಮಾ.

ಶರಾವತಿ ದಂಡೆ · ಮಂಗಳವಾರ, ರಾತ್ರಿ 9.50

ಆ ಕೊನೆಯ ಮಾತು ನಾನು ಯೋಚಿಸಿರಲಿಲ್ಲ ಸರ್. ದಂಡ ವಸೂಲಿಯ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ನಿವೃತ್ತ ಅಗ್ನಿಶಾಮಕ · ಮಂಗಳವಾರ, ರಾತ್ರಿ 9.52

ಅದು ಬದಲಾಗಬೇಕು ಅಂತ ನಾನೂ ಹೇಳಿಲ್ಲ.

ಗ್ಯಾರೇಜ್ ಹುಡುಗ · ಬುಧವಾರ, ಬೆಳಿಗ್ಗೆ 11.00

ನಮ್ಮಲ್ಲಿ ಹಳೇ ಎಂಜಿನ್ ಆಯಿಲ್ ತೆಗೆದುಕೊಂಡು ಹೋಗುವವರು ಬಣ್ಣ ಬಣ್ಣದ ಏಳು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಅದೂ ಇದೇನಾ?

ಬೈತಖೋಲ ಹಳೇ ಗುಮಾಸ್ತ · ಬುಧವಾರ, ಬೆಳಿಗ್ಗೆ 11.25

ಅಣ್ಣತಮ್ಮ, ಆದರೆ ಬೇರೆ ಮನೆ. ಅದು ಅಪಾಯಕಾರಿ ತ್ಯಾಜ್ಯದ ನಿಯಮ 2016, ಫಾರಂ 10. ಬಿಳಿ ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ನಿಮ್ಮ ಹತ್ತಿರ, ಗುಲಾಬಿ, ಕೊನೆಗೆ ಸರಕು ಇಳಿಸಿಕೊಳ್ಳುವವನ ಹತ್ತಿರ, ಕಿತ್ತಳೆ ಗಾಡಿಯವನಿಗೆ. ಹಸಿರು ಪ್ರತಿ ತಲುಪಿದ ಮೇಲೆ ಮತ್ತೆ ಮಂಡಳಿಗೆ. ನೀಲಿ ನಿಮಗೇ ವಾಪಸ್ ಬರಬೇಕು. ಬೂದು ಬಣ್ಣದ್ದು ಬೇರೆ ರಾಜ್ಯಕ್ಕೆ ಹೋದರೆ ಮಾತ್ರ. ನೀಲಿ ಬರಲಿಲ್ಲ ಅಂದರೆ ನಿಮ್ಮ ಎಣ್ಣೆ ಯಾವುದೋ ಹಳ್ಳಕ್ಕೆ ಹೋಗಿದೆ ಅಂತ ಅನುಮಾನ ಪಡಿ.

ಗ್ಯಾರೇಜ್ ಹುಡುಗ · ಬುಧವಾರ, ಬೆಳಿಗ್ಗೆ 11.31

ನೀಲಿ ಇವತ್ತಿನವರೆಗೆ ನೋಡಿಲ್ಲ.

ಶಿರಸಿ ತೋಟಿಗ · ಬುಧವಾರ, ಸಂಜೆ 7.15

ನಮ್ಮ ಭಾವನ ಮಗ ಅಮೆರಿಕದಲ್ಲಿ ಟ್ರಕ್ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾನೆ. ಫೋನಿನಲ್ಲಿ ಇದೇ ಕೇಳಿದೆ. ಅಲ್ಲಿ ಡ್ರೈವರ್ ಸೀಟ್ ಬೆಲ್ಟ್ ಹಾಕಿಕೊಂಡು ಕೂತಲ್ಲಿಂದಲೇ ಕೈಗೆ ಎಟುಕುವ ಜಾಗದಲ್ಲಿ ಕಾಗದ ಇರಬೇಕಂತೆ. ಇಳಿದು ಹೋಗುವಾಗ ಸೀಟಿನ ಮೇಲೆ, ಇಲ್ಲವೇ ಡ್ರೈವರ್ ಬದಿಯ ಬಾಗಿಲಿನ ಚೀಲದಲ್ಲಿ. ಒಂದೇ ಕಾಗದದಲ್ಲಿ ಬೇರೆ ಸರಕೂ ಇದ್ದರೆ ಅಪಾಯದ್ದನ್ನು ಮೊದಲು ಬರೆಯಬೇಕು, ಅಥವಾ ಬೇರೆ ಬಣ್ಣದಲ್ಲಿ. "ಮಾವಾ, ಡ್ರೈವರ್ ಪ್ರಜ್ಞೆ ತಪ್ಪಿದ್ದರೆ ಹುಡುಕುವವನಿಗೆ ಜಾಗ ಗೊತ್ತಿರಬೇಕಲ್ಲ" ಅಂದ.

ಅರಬೈಲ್ ಇಳಿಜಾರು · ಬುಧವಾರ, ರಾತ್ರಿ 9.05

ಸರಿಯಾದ ಮಾತು. ನಾನು ನನ್ನ ಟ್ರೆಮ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿ, ತೂತು ಹೊಡೆದು, ನೈಲಾನ್ ಬಲೆ ದಾರದಲ್ಲಿ ಬಿಸಿಲು ತಡೆಯುವ ಹಲಗೆಗೆ ನೇತು ಹಾಕಿದ್ದೆ. ಒಂದು ಬದಿ ಇಂಗ್ಲಿಷ್, ಹಿಂಬದಿ ಕನ್ನಡ. ಏನು ಸರಕು, ಮೈಗೆ ತಾಗಿದರೆ ಏನು, ಸೋರಿದರೆ ಏನು, ಬೆಂಕಿ ಆದರೆ ಏನು, ಯಾರಿಗೆ ಫೋನು. ಕ್ಲೀನರಿಗೆ ಓದಲು ಕೊಟ್ಟು, ವಾರಕ್ಕೊಮ್ಮೆ ಪ್ರಶ್ನೆ ಕೇಳುತ್ತಿದ್ದೆ. ಆ ಹುಡುಗ ಬೇಸರ ಮಾಡಿಕೊಳ್ಳುತ್ತಿದ್ದ.

ಒಂದು ರಾತ್ರಿ ಘಟ್ಟ ಇಳಿಯುವಾಗ ಕೆಳಗಿನ ವಾಲ್ವಿನ ಹತ್ತಿರ ಹನಿ ಬೀಳುವುದು ಕಂಡಿತು. ನಾನು ಗಾಡಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡುವಷ್ಟರಲ್ಲಿ ಅವನೇ ಇಳಿದು, ಹಿಂದೆ ಓಡಿ, ಬರುವ ಗಾಡಿ ನಿಲ್ಲಿಸಿ "ಬೀಡಿ ಆರಿಸಿ" ಅಂತ ಕೂಗುತ್ತಿದ್ದ. ಕಾರ್ಡಿನ ನಂಬರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ನೆನಪಿಡು, ಅಪಘಾತ ಆದರೆ ಹತ್ತಿರದ ಠಾಣೆಗೆ ಕೂಡಲೇ ತಿಳಿಸುವುದು ಡ್ರೈವರನ ಕೆಲಸ, ನಿಯಮ 136. ಈಗ 112 ಒತ್ತಿದರೆ ಆಯಿತು.

ಮತ್ತೆ, ಸೈಲೆನ್ಸರಿಗೆ ಕಿಡಿ ತಡೆಯುವ ಜಾಳಿಗೆ ಹಾಕಿಸು. ಅದೂ ನಿಯಮದಲ್ಲೇ ಇದೆ, 129ಎ.

ಕೋಡಿಬಾಗ ಮಿನಿಲಾರಿ · ಭಾನುವಾರ, ರಾತ್ರಿ 8.30

ಎಲ್ಲರಿಗೂ ಮೊದಲು ಒಂದು ನಮಸ್ಕಾರ. ನಾಲ್ಕು ದಿನ ಗಾಡಿ ತೆಗೆಯಲಿಲ್ಲ. ಅದರ ಲೆಕ್ಕ ಒಪ್ಪಿಸುತ್ತೇನೆ.

ಅಂಗಡಿಯವರ ಹತ್ತಿರ ಹೋಗಿ ಡೇಟಾ ಶೀಟ್ ಕೇಳಿದೆ. "ಅದೆಲ್ಲ ಕಂಪನಿ ಕಳಿಸುತ್ತದೆ, ಎಲ್ಲೋ ಇದೆ" ಅಂದರು. ಹುಡುಕಿದರೆ ಅವರ ಹಳೇ ಕ್ಯಾಲೆಂಡರಿನ ಹಿಂದೆ ಮೊಳೆಗೆ ಸಿಕ್ಕಿಸಿದ್ದರು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. 14ನೇ ಭಾಗ ತೆಗೆದು ಓದಿದೆವು. ಅಕ್ಕೋರು ಹೇಳಿದ ನಂಬರೇ ಇತ್ತು, 3105. ಹಾರ್ಡ್‌ನರಿಗೂ ಆಕ್ಸಿಲರೇಟರಿಗೂ ಮಾಲೀಕರ ಎದುರೇ ಬೇರೆ ಬೇರೆ ಪೆಟ್ಟಿಗೆ ಮಾಡಿಸಿದೆ. ಅವರ ಮುಖ ಸ್ವಲ್ಪ ಬಿಳಿಚಿತು. ಅವರ ಗೋಡೌನಿನಲ್ಲೂ ಅವೆರಡು ಒಂದೇ ಕಪಾಟಿನಲ್ಲಿ ಇದ್ದವು.

ತರಬೇತಿಗೆ ಹೆಸರು ಕೊಟ್ಟಿದ್ದೇನೆ. ಮೂರು ದಿನದ ಬಾಡಿಗೆ ಹೋಗುತ್ತದೆ. ಎಂಡಾರ್ಸ್‌ಮೆಂಟ್ ಆಗುವವರೆಗೆ ರೆಸಿನ್ ಲೋಡು ನನ್ನ ಗಾಡಿಯಲ್ಲಿ ಇಲ್ಲ ಅಂತ ಹೇಳಿಬಿಟ್ಟೆ. ಲೈಸೆನ್ಸು ಇರುವ ಒಬ್ಬರ ಗಾಡಿಗೆ ಈ ವಾರದ ಲೋಡು ಕೊಡಿಸಿದೆ. ಸೀಸನ್ನಿನಲ್ಲಿ ಬೇರೆಯವರಿಗೆ ಬಾಡಿಗೆ ಬಿಟ್ಟುಕೊಡುವ ಸಂಕಟ ಗಾಡಿ ಇರುವವರಿಗೇ ಗೊತ್ತು.

ಅವರ ಗಾಡಿಗೆ ಲೋಡ್ ಆಗುವಾಗ ನಾನೂ ನಿಂತಿದ್ದೆ. ಹೊಸ ಬಿಲ್ಲು ಪ್ರಿಂಟ್ ಆಗಿ ಬಂತು. ರೆಸಿನ್, ಹಾರ್ಡ್‌ನರ್, ಆಕ್ಸಿಲರೇಟರ್, ಥಿನ್ನರ್, ಒಂದೊಂದಕ್ಕೆ ಒಂದೊಂದು ಸಾಲು. ಖುಷಿಯಾಗಿ ಓದುತ್ತಾ ಹೋದೆ. ಕಂಪ್ಯೂಟರಿನ ಹುಡುಗ 1866ನ್ನು ಎಚ್‌ಎಸ್‌ಎನ್ ಕಾಲಂನಲ್ಲಿ ಹಾಕಿದ್ದ, 3907ನ್ನು ಯುಎನ್ ಅಂತ.

ಬೈತಖೋಲ ಹಳೇ ಗುಮಾಸ್ತ · ಭಾನುವಾರ, ರಾತ್ರಿ 8.41

ಲೋಡು ಹೊರಟಿತಾ?

ಕೋಡಿಬಾಗ ಮಿನಿಲಾರಿ · ಭಾನುವಾರ, ರಾತ್ರಿ 8.43

ಇಲ್ಲ ಮಾಮಾ. ಹರಿದು ಹಾಕಿಸಿ ಮತ್ತೊಂದು ಪ್ರಿಂಟ್ ತೆಗೆಸಿದೆ. ಆಮೇಲೆ ಹೊರಟಿತು.